ಹಾವರ್ತಿನ ಪಾದ್ರಿ ಮತ್ತು ನನ್ನ ತಪ್ಪುಪಾಠ



ನನ್ನ ಬಳಿ ಇಂಗ್ಲಿಷ್ ಪಾಠ ಕೇಳಿದವರಿಗೆ ಶನಿವಾರದ ಕೊನೆಯ ಪೀರಿಯಡ್ ನೆನಪಿರಬಹುದು. ಬೆಳಗಿನ ಶಾಲೆ. ಗಂಟೆ ಹೊಡೆಯುವುದಕ್ಕೆ ಅರ್ಧ ತಾಸು ಇರುವಾಗಲೇ ನಿಮ್ಮ ಚಿತ್ತವೆಲ್ಲ ಮನೆಯ ದಾರಿ ಹಿಡಿದಿರುತ್ತಿತ್ತು. ಆ ಹೊತ್ತಿನಲ್ಲಿ ಕರ್ಮಣಿ ಪ್ರಯೋಗ ಹೇಳಿದರೆ ಗೋಡೆಗೆ ಹೇಳಿದಂತೆ ಎಂದು ತಿಳಿದು ನಾನು ಪುಸ್ತಕ ಮುಚ್ಚಿಟ್ಟು ಕಥೆ ಹೇಳುತ್ತಿದ್ದೆ. ‘ಜೇನ್ ಏರ್’ ಕಥೆಗೆ ಮೂರು ನಾಲ್ಕು ಶನಿವಾರ ಬೇಕಾಗುತ್ತಿತ್ತು. ಲೋವುಡ್ ಶಾಲೆಯ ಸೀದ ಗಂಜಿ, ಹೆಲೆನ್ ಬರ್ನ್ಸ್ ಎಂಬ ಹುಡುಗಿಯ ಸಾವು, ಮಹಡಿಯ ಮೇಲಿಂದ ಕೇಳುವ ನಗು. ಇವನ್ನು ಕೇಳುವಾಗ ಕೊನೆಯ ಬೆಂಚಿನವರೂ ಮಾತು ನಿಲ್ಲಿಸುತ್ತಿದ್ದರು.

ಕಥೆ ಮುಗಿದ ಮೇಲೆ ಅದನ್ನು ಬರೆದ ಷಾರ್ಲೆಟ್ ಬ್ರಾಂಟೆಯ ಜೀವನವನ್ನೂ ಒಂದಿಷ್ಟು ಹೇಳುತ್ತಿದ್ದೆ. ಅಲ್ಲಿ ನಾನು ತಪ್ಪಿದ್ದೇನೆ. ಸಣ್ಣ ತಪ್ಪಲ್ಲ, ಒಬ್ಬ ಸತ್ತ ಮನುಷ್ಯನ ಹೆಸರಿಗೆ ವರ್ಷ ವರ್ಷವೂ ಮಸಿ ಬಳಿದಿದ್ದೇನೆ. ನಿಮ್ಮಲ್ಲಿ ಈಗ ಕೆಲವರು ಸ್ವತಃ ಉಪಾಧ್ಯಾಯರಾಗಿದ್ದೀರಿ. ನನ್ನಿಂದ ಕೇಳಿದ್ದನ್ನು ನೀವೂ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ನಾನು ಹೇಳುತ್ತಿದ್ದದ್ದು ಇಷ್ಟು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ಹಾವರ್ತ್ ಎಂಬ ಗುಡ್ಡದೂರು. ಸ್ಮಶಾನಕ್ಕೆ ಮುಖ ಮಾಡಿದ ಪಾದ್ರಿಯ ಮನೆ. ಅದರೊಳಗೆ ಒಬ್ಬ ಸಿಡುಕು ಸ್ವಭಾವದ ಐರಿಷ್ ಪಾದ್ರಿ. ಸಿಟ್ಟು ಬಂದಾಗ ಹಿತ್ತಿಲ ಬಾಗಿಲಲ್ಲಿ ನಿಂತು ಪಿಸ್ತೂಲು ಹಾರಿಸುತ್ತಿದ್ದ. ಹೆಂಡತಿಯ ರೇಷ್ಮೆ ಗೌನನ್ನು ಕತ್ತರಿಸಿ ಚೂರು ಮಾಡಿದ. ಮಳೆಯಲ್ಲಿ ನೆನೆದು ಬರುವ ಮಕ್ಕಳಿಗೆಂದು ಒಲೆಯ ಮುಂದೆ ಇಟ್ಟಿದ್ದ ಬಣ್ಣದ ಬೂಟುಗಳನ್ನು, ಆಡಂಬರ ಕೂಡದೆಂದು ಬೆಂಕಿಗೆ ಹಾಕಿದ. ಕುರ್ಚಿಗಳ ಬೆನ್ನನ್ನು ಗರಗಸದಿಂದ ಕೊಯ್ದ. ಮಕ್ಕಳಿಗೆ ಮಾಂಸ ಕೊಡದೆ ಆಲೂಗಡ್ಡೆಯ ಮೇಲೆ ಬೆಳೆಸಿದ. ಇಂಥ ತಂದೆಯ ಮನೆಯಲ್ಲಿ ನರಳಿದ ಮೂವರು ಅಕ್ಕತಂಗಿಯರು ಕಾದಂಬರಿಗಳನ್ನು ಬರೆದು ಒಬ್ಬೊಬ್ಬರಾಗಿ ತೀರಿಕೊಂಡರು. ಬಿ.ಎ. ಓದುವಾಗ ಬರೆದುಕೊಂಡ ನೋಟ್ಸು ಮತ್ತು ಒಂದು ಸಂಕ್ಷಿಪ್ತ ಆವೃತ್ತಿಯ ಮುನ್ನುಡಿ, ಇವೆರಡೇ ನನ್ನ ಆಧಾರ. ಹೇಳುವ ಹುರುಪಿನಲ್ಲಿ ಪಿಸ್ತೂಲಿನ ಶಬ್ದವನ್ನೂ ಬಾಯಲ್ಲಿ ಮಾಡಿ ತೋರಿಸುತ್ತಿದ್ದೆ.

1996ರಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಅಪ್ಪ ಅಷ್ಟು ಕೆಟ್ಟವನಾಗಿದ್ರೆ ಅವರಿಗೆ ಓದೋಕೆ ಪುಸ್ತಕ ಯಾರು ತಂದುಕೊಡ್ತಿದ್ರು?” ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. “ಕೂತ್ಕೋ, ಅಧಿಕಪ್ರಸಂಗ ಬೇಡ” ಎಂದೆ. ಅವಳು ಕೂತಳು. ಗಂಟೆ ಹೊಡೆಯಿತು.

ನಿವೃತ್ತಿಯಾದ ಮೇಲೆ ಹಳೆಯ ಶಿಷ್ಯನೊಬ್ಬ ಊರಿಗೆ ಬಂದಾಗ ಒಂದು ದಪ್ಪ ಪುಸ್ತಕ ತಂದುಕೊಟ್ಟ. ಜೂಲಿಯೆಟ್ ಬಾರ್ಕರ್ ಎಂಬ ವಿದ್ವಾಂಸೆ 1994ರಲ್ಲಿ ಪ್ರಕಟಿಸಿದ ‘ದಿ ಬ್ರಾಂಟೀಸ್’. ಸುಮಾರು ಸಾವಿರ ಪುಟ. ಲೇಖಕಿ ಹಾವರ್ತಿನ ಆ ಮನೆಯಲ್ಲೇ ಈಗಿರುವ ವಸ್ತುಸಂಗ್ರಹಾಲಯದಲ್ಲಿ ಕ್ಯುರೇಟರ್ ಆಗಿದ್ದವರು. ಅಂದರೆ ಆ ಹುಡುಗಿ ಪ್ರಶ್ನೆ ಕೇಳುವುದಕ್ಕೆ ಎರಡು ವರ್ಷ ಮೊದಲೇ ಉತ್ತರ ಅಚ್ಚಾಗಿತ್ತು. ನಮ್ಮ ಸ್ಟಾಫ್ ರೂಮಿಗೆ ತಲುಪಿರಲಿಲ್ಲ, ಅಷ್ಟೆ. ಓದುತ್ತ ಹೋದಂತೆ ನಾನು ಹೇಳಿದ ಒಂದೊಂದು ಮಾತೂ ಕಳಚಿ ಬಿತ್ತು. ತರಗತಿಯಲ್ಲಿ ಆ ತಂದೆಯನ್ನು ‘ಅವನು’ ಎಂದೇ ಕರೆದಿದ್ದೆ. ಇಲ್ಲಿಂದ ಮುಂದೆ ‘ಅವರು’ ಎಂದು ಬರೆಯುತ್ತೇನೆ. ಹೆಸರು ಪ್ಯಾಟ್ರಿಕ್ ಬ್ರಾಂಟೆ.

ಈ ಕಥೆಗಳೆಲ್ಲ ಹುಟ್ಟಿದ್ದು ಎಲ್ಲಿ? ಬಹುತೇಕ ಒಂದೇ ಪುಸ್ತಕದಿಂದ ಹರಡಿದವು: ಎಲಿಜಬೆತ್ ಗ್ಯಾಸ್ಕೆಲ್ 1857ರ ಮಾರ್ಚಿನಲ್ಲಿ ಪ್ರಕಟಿಸಿದ ‘ಷಾರ್ಲೆಟ್ ಬ್ರಾಂಟೆಯ ಜೀವನ’. ಗ್ಯಾಸ್ಕೆಲ್ ಸ್ವತಃ ದೊಡ್ಡ ಕಾದಂಬರಿಗಾರ್ತಿ. ಷಾರ್ಲೆಟ್‌ಳ ಗೆಳತಿ. 1855ರ ಮಾರ್ಚ್ 31ರಂದು ಷಾರ್ಲೆಟ್ ತೀರಿಕೊಂಡ ಮೇಲೆ ಮಗಳ ಚರಿತ್ರೆ ಬರೆಯಿರೆಂದು ಆಕೆಯನ್ನು ಕೇಳಿಕೊಂಡವರು ಪ್ಯಾಟ್ರಿಕ್ ಅವರೇ. ಪತ್ರಿಕೆಯೊಂದರಲ್ಲಿ ಮಗಳ ಬಗ್ಗೆ ಸುಳ್ಳು ಸುದ್ದಿ ಬಂದಿತ್ತು; ಬಲ್ಲವರೊಬ್ಬರು ನಿಜ ಬರೆಯಲಿ ಎಂಬುದು ಅವರ ಆಸೆ. ಆ ಪತ್ರಿಕೆಯ ಲೇಖನಕ್ಕೂ ಮೂಲ ಗ್ಯಾಸ್ಕೆಲ್ ಅವರೇ ಹಿಂದೆ ಬರೆದಿದ್ದ ಪತ್ರದ ಹರಟೆ ಎಂಬುದು ಪಾಪ ಆ ಮುದುಕರಿಗೆ ತಿಳಿದಿರಲಿಲ್ಲ.

1850ರ ಆಗಸ್ಟಿನಲ್ಲಿ ವಿಂಡರ್‌ಮಿಯರ್ ಸರೋವರದ ಬಳಿ ಸ್ನೇಹಿತರ ಮನೆಯೊಂದರಲ್ಲಿ ಗ್ಯಾಸ್ಕೆಲ್ ಮೊದಲ ಬಾರಿ ಷಾರ್ಲೆಟ್‌ಳನ್ನು ಕಂಡರು. ಆ ಭೇಟಿಯ ಬೆನ್ನಿಗೇ ಗೆಳತಿಗೆ ಬರೆದ ಪತ್ರದಲ್ಲಿ ವಿಚಿತ್ರ ತಂದೆಯ ಕಥೆ ಆಗಲೇ ಸಿದ್ಧವಾಗಿದೆ. ಆ ತಂದೆಯನ್ನು ಆಕೆ ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ! ಕಥೆ ಹೇಳಿದ್ದು ಆ ಮನೆಯ ಯಜಮಾನಿ. ಆಕೆಗೆ ಹೇಳಿದ್ದು, ಪ್ಯಾಟ್ರಿಕ್ ಅವರ ಹೆಂಡತಿಯ ಕೊನೆಯ ಕಾಯಿಲೆಯಲ್ಲಿ ಆರೈಕೆಗಿದ್ದು ಆಮೇಲೆ ಕೆಲಸದಿಂದ ತೆಗೆಯಲ್ಪಟ್ಟ ಒಬ್ಬ ಹೆಂಗಸು. ಮೂರು ಬಾಯಿ ದಾಟಿದ ಮಾತು, ಮೂವತ್ತು ವರ್ಷದ ಹಳೆಯದು. ಅದು ಚರಿತ್ರೆಯಾಗಿ ಅಚ್ಚಾಯಿತು.

ಇಲ್ಲಿ ನಮ್ಮ ಮನೆಯವರಿಗೊಂದು ಮಾತು. ನಮ್ಮ ತಾತ ಸಿಟ್ಟಿನಲ್ಲಿ ಹಾರ್ಮೋನಿಯಂ ಅನ್ನು ಬಾವಿಗೆ ಎಸೆದರೆಂದು ನೀವೆಲ್ಲ ಹೇಳುತ್ತೀರಿ, ನಾನೂ ಹೇಳಿದ್ದೇನೆ. ಅಲ್ಲೇ ಇದ್ದ ಸೋದರತ್ತೆಯನ್ನು ಒಮ್ಮೆ ಕೇಳಿದೆ. ಗೆದ್ದಲು ಹಿಡಿದ ಪೆಟ್ಟಿಗೆ, ತಿಪ್ಪೆಗೆ ಹಾಕಿಸಿದ್ದು ಎಂದರು. ಸಿಟ್ಟೂ ಇಲ್ಲ, ಬಾವಿಯೂ ಇಲ್ಲ. ಆದರೆ ನೋಡಿ, ಮುಂದಿನ ಮದುವೆಯಲ್ಲಿ ಮತ್ತೆ ಬಾವಿಯ ಕಥೆಯೇ ಬಂತು.

ಪಿಸ್ತೂಲಿನ ವಿಷಯ ಹೇಳುತ್ತೇನೆ. 1812ರಲ್ಲಿ ಯಾರ್ಕ್‌ಷೈರಿನಲ್ಲಿ ಹೊಸ ಯಂತ್ರಗಳಿಂದ ಕೆಲಸ ಕಳೆದುಕೊಂಡ ಕೂಲಿಕಾರರ ದಂಗೆಗಳು ನಡೆದವು. ರಾಫೋಲ್ಡ್ಸ್ ಎಂಬ ಗಿರಣಿಯ ಮೇಲೆ ದಾಳಿಯಾಯಿತು. ಆಗ ಪ್ಯಾಟ್ರಿಕ್ ಅದರ ಹತ್ತಿರದ ಹಾರ್ಟ್ಸ್‌ಹೆಡ್ ಎಂಬಲ್ಲಿ ಪಾದ್ರಿ. ಅಂದಿನಿಂದ ರಾತ್ರಿ ಮದ್ದುಗುಂಡು ತುಂಬಿದ ಪಿಸ್ತೂಲನ್ನು ಹತ್ತಿರ ಇಟ್ಟುಕೊಳ್ಳುವುದು ರೂಢಿಯಾಯಿತು. ಆ ಕಾಲದ ಪಿಸ್ತೂಲಿನಿಂದ ಗುಂಡನ್ನು ಹೊರತೆಗೆಯಲು ಹಾರಿಸುವುದೇ ಸುಲಭದ ದಾರಿ. ಆದ್ದರಿಂದ ಬೆಳಿಗ್ಗೆ ಎದ್ದು ಹಾರಿಸುತ್ತಿದ್ದರು. ಮಕ್ಕಳಿರುವ ಮನೆಯಲ್ಲಿ ತುಂಬಿದ ಪಿಸ್ತೂಲು ಬಿಡದಿರುವುದು ಎಚ್ಚರಿಕೆ. ಗ್ಯಾಸ್ಕೆಲ್ ಅವರ ಪುಟದಲ್ಲಿ ಅದು ಹುಚ್ಚು ಕೋಪವಾಯಿತು.

ಮಾಂಸದ ಮಾತು ಇನ್ನೂ ಹೀನಾಯ. 1834ರ ನವೆಂಬರಿನಲ್ಲಿ ಎಮಿಲಿ ಮತ್ತು ಆನ್ ಇಬ್ಬರೂ ಸೇರಿ ಗೀಚಿದ ಒಂದು ದಿನಚರಿಯ ಹಾಳೆ ಉಳಿದಿದೆ. ಅಂದಿನ ಊಟಕ್ಕೆ ಬೇಯಿಸಿದ ದನದ ಮಾಂಸವೂ ಸೇಬಿನ ಕಡುಬೂ ಇರುವುದನ್ನು ಆ ಹುಡುಗಿಯರೇ ಬರೆದಿಟ್ಟಿದ್ದಾರೆ. ಹಳೆಯ ಕೆಲಸದವರಾದ ಗಾರ್ಸ್ ಅಕ್ಕತಂಗಿಯರೂ ಈ ಆರೋಪವನ್ನು ಅಲ್ಲಗಳೆದರು. ಗ್ಯಾಸ್ಕೆಲ್ ಅವರು ಆ ಕೆಲಸದವರನ್ನೂ ಬಿಟ್ಟಿರಲಿಲ್ಲ. ಆ ಮನೆಯ ಕೆಲಸದವರು ದುಂದುಗಾರರೆಂದು ಬರೆದಿದ್ದರು. ಎಂಬತ್ತು ದಾಟಿದ ಪ್ಯಾಟ್ರಿಕ್ ತಮ್ಮ ಮೇಲಿನ ಆರೋಪಗಳಿಗೆ ಮೊದಲು ಉತ್ತರಿಸಲಿಲ್ಲ. ಆ ಇಬ್ಬರು ಹೆಣ್ಣುಮಕ್ಕಳು ಪ್ರಾಮಾಣಿಕರು, ದಯೆಯುಳ್ಳವರು ಎಂದು ತಮ್ಮ ಕೈಯಾರೆ ಪ್ರಮಾಣಪತ್ರ ಬರೆದುಕೊಟ್ಟರು. ನಾನು ‘ರಾಕ್ಷಸ’ ಎಂದು ಕರೆದ ಮನುಷ್ಯ ಇವರು.

ಇನ್ನು ಆ ಹುಡುಗಿಯ ಪ್ರಶ್ನೆ. ಪ್ಯಾಟ್ರಿಕ್ 1777ರಲ್ಲಿ ಐರ್ಲೆಂಡಿನ ಡೌನ್ ಪ್ರಾಂತದಲ್ಲಿ ಬಡ ರೈತಕೂಲಿಯ ಹತ್ತು ಮಕ್ಕಳಲ್ಲಿ ಮೊದಲನೆಯವರಾಗಿ ಹುಟ್ಟಿದರು. ಹದಿನಾರರ ಪ್ರಾಯದಲ್ಲೇ ಶಾಲೆಯಲ್ಲಿ ಪಾಠ ಹೇಳಲು ನಿಂತವರು, ನಮ್ಮ ವೃತ್ತಿಯವರು! 1802ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಬಡವರಿಗಿದ್ದ ರಿಯಾಯಿತಿಯಲ್ಲಿ ಸೇರಿದರು. ಓದಿನ ಬೆಲೆ ಇಂಥವರಿಗೆ ಯಾರೂ ಕಲಿಸಬೇಕಿಲ್ಲ. ಮನೆಯಲ್ಲಿದ್ದ ಪುಸ್ತಕಗಳಲ್ಲಿ ಇದನ್ನು ಓದಬೇಡ ಎಂದು ಹೆಣ್ಣುಮಕ್ಕಳಿಗೆ ಅಡ್ಡಿ ಮಾಡಲಿಲ್ಲ. ಬೈರನ್ ಕೂಡ ನಿಷಿದ್ಧನಾಗಿರಲಿಲ್ಲ. ಪತ್ರಿಕೆಗಳು ಮನೆಗೆ ಬರುತ್ತಿದ್ದವು. ರಾಜಕೀಯ ಚರ್ಚೆಯಲ್ಲಿ ಪುಟ್ಟ ಮಕ್ಕಳೂ ಪಾಲುಗೊಳ್ಳುತ್ತಿದ್ದರು. ಸಂಗೀತಕ್ಕೆ, ಚಿತ್ರಕಲೆಗೆ ಮೇಷ್ಟರನ್ನು ಇಟ್ಟರು. 1826ರಲ್ಲಿ ಲೀಡ್ಸ್ ಪಟ್ಟಣದಿಂದ ಮಗ ಬ್ರಾನ್‌ವೆಲ್‌ಗೆ ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಆ ಬೊಂಬೆಗಳಿಗೆ ಹೆಸರಿಟ್ಟು, ರಾಜ್ಯ ಕಟ್ಟಿ, ಅಂಗೈಗಿಂತ ಚಿಕ್ಕ ಪುಸ್ತಕಗಳನ್ನು ಬರೆಯುತ್ತ ಆ ನಾಲ್ವರು ಮಕ್ಕಳು ಬರವಣಿಗೆ ಕಲಿತರು. 1842ರಲ್ಲಿ ಷಾರ್ಲೆಟ್ ಮತ್ತು ಎಮಿಲಿ ಓದಲು ಬ್ರಸೆಲ್ಸಿಗೆ ಹೊರಟಾಗ ಅರವತ್ತನಾಲ್ಕು ವರ್ಷದ ಈ ತಂದೆ, ದಾರಿಗೆ ಬೇಕಾಗುವ ಫ್ರೆಂಚ್ ಮಾತುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡು ಮಕ್ಕಳನ್ನು ತಾವೇ ಕರೆದೊಯ್ದು ಬಿಟ್ಟುಬಂದರು.

ಮತ್ತೊಂದು ಸಂಗತಿ. 1846ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಅರಿವಳಿಕೆ ಇಲ್ಲದ ಕಾಲ. ಆಮೇಲೆ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗಬೇಕಾಯಿತು. ಬಳಿಯಲ್ಲಿ ಶುಶ್ರೂಷೆಗಿದ್ದವಳು ಷಾರ್ಲೆಟ್. ಆ ದಿನಗಳಲ್ಲೇ, ಆ ಬಾಡಿಗೆ ಮನೆಯಲ್ಲೇ, ಆಕೆ ‘ಜೇನ್ ಏರ್’ ಬರೆಯಲು ಆರಂಭಿಸಿದಳು. ಕುರುಡನಾಗುವ ರಾಚೆಸ್ಟರನ ಪಾತ್ರಕ್ಕೂ ಈ ಕೋಣೆಗೂ ನಂಟು ಕಲ್ಪಿಸುವ ವಿಮರ್ಶಕರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ.

ಹಾಗಾದರೆ ಗ್ಯಾಸ್ಕೆಲ್ ಯಾಕೆ ಹೀಗೆ ಬರೆದರು? ಕೆಟ್ಟ ಮನಸ್ಸಿನಿಂದ ಅಲ್ಲ, ಪ್ರೀತಿಯಿಂದ. ಅದೇ ಇದರಲ್ಲಿನ ಕಷ್ಟ. 1848ರ ಡಿಸೆಂಬರಿನ ‘ಕ್ವಾರ್ಟರ್ಲಿ ರಿವ್ಯೂ’ದಲ್ಲಿ ಎಲಿಜಬೆತ್ ರಿಗ್ಬಿ ಎಂಬಾಕೆ ‘ಜೇನ್ ಏರ್’ ಅನ್ನು ಒರಟು, ಅಧಾರ್ಮಿಕ ಕೃತಿಯೆಂದು ಖಂಡಿಸಿದ್ದಲ್ಲದೆ, ಬರೆದವಳು ಹೆಣ್ಣಾಗಿದ್ದರೆ ಮರ್ಯಾದಸ್ಥ ಹೆಂಗಸರ ಸಹವಾಸ ಕಳೆದುಕೊಂಡವಳೇ ಇರಬೇಕೆಂಬ ಅರ್ಥದ ಮಾತಾಡಿದ್ದಳು. ಗೆಳತಿಯ ಮೇಲಿನ ಈ ಕಳಂಕ ತೊಳೆಯಬೇಕು. ಹೇಗೆ? ಹುಡುಗಿ ಪರಿಶುದ್ಧೆ, ಒರಟುತನ ಆಕೆ ಬೆಳೆದ ಪರಿಸರದ್ದು ಎಂದುಬಿಟ್ಟರೆ ಆಯಿತು. ಹೀಗೆ ಮಗಳ ಸೀರೆಯ ಕಲೆಯನ್ನು ತಂದೆಯ ಪಂಚೆಗೆ ಒರೆಸಿದರು.

ಬ್ರಸೆಲ್ಸಿನ ವಿಷಯದಲ್ಲಂತೂ ಇದು ನೇರವಾಗಿಯೇ ನಡೆಯಿತು. ಅಲ್ಲಿನ ಶಾಲೆಯ ಗುರು, ವಿವಾಹಿತರಾದ ಕಾನ್‌ಸ್ಟಾಂಟಿನ್ ಎಜೇ ಅವರ ಮೇಲೆ ಷಾರ್ಲೆಟ್ ಮನಸ್ಸಿಟ್ಟಿದ್ದಳು. ಊರಿಗೆ ಮರಳಿದ ಮೇಲೆ ಬರೆದ ಪತ್ರಗಳಲ್ಲಿ ಉತ್ತರಕ್ಕಾಗಿ ಅಂಗಲಾಚಿದ್ದಾಳೆ. ಗ್ಯಾಸ್ಕೆಲ್ 1856ರಲ್ಲಿ ಬ್ರಸೆಲ್ಸಿಗೆ ಹೋಗಿ ಈ ಪತ್ರಗಳ ವಿಷಯ ತಿಳಿದುಕೊಂಡರು. ನಿರಪಾಯದ ಸಾಲುಗಳನ್ನು ಮಾತ್ರ ಆರಿಸಿ ಉಳಿದದ್ದನ್ನು ಮುಚ್ಚಿದರು. ಮುಚ್ಚಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆ ಗುರುವೂ ಅವರ ಪತ್ನಿಯೂ ಬದುಕಿದ್ದರು, ಷಾರ್ಲೆಟ್‌ಳ ಗಂಡನೂ ಬದುಕಿದ್ದ. ಹೇಳದೆ ಬಿಡುವುದು ಬೇರೆ. ಆದರೆ ಆ ವರ್ಷಗಳ ಷಾರ್ಲೆಟ್‌ಳ ಖಿನ್ನತೆಗೆ ಏನಾದರೂ ಕಾರಣ ಬೇಕಲ್ಲ? ಅದನ್ನು ಒಡಹುಟ್ಟಿದವರ ನಡುವೆ ಹುಡುಕಿ ಬ್ರಾನ್‌ವೆಲ್‌ನ ಪತನದ ತಲೆಗೆ ಕಟ್ಟಿದರು. ಬ್ರಾನ್‌ವೆಲ್ ಪಾಠ ಹೇಳುತ್ತಿದ್ದ ಮನೆಯ ಯಜಮಾನಿಯೇ ಅವನನ್ನು ಕೆಡಿಸಿದಳೆಂದು, ಗುರುತು ಸಿಗುವಂತೆ ಬರೆದರು. ಆಕೆ ಹಣವಂತೆ, ವಕೀಲರನ್ನು ಕರೆಸಿದಳು. 1857ರ ಮೇ ತಿಂಗಳಲ್ಲಿ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಗ್ಯಾಸ್ಕೆಲ್ ಅವರ ಪರವಾಗಿ ಆ ಮಾತುಗಳನ್ನು ಹಿಂತೆಗೆದುಕೊಂಡ ಪ್ರಕಟಣೆ ಬಂತು, ಮಾರಾಟವಾಗದ ಪ್ರತಿಗಳನ್ನು ವಾಪಸು ಪಡೆದರು. ಎಜೇಗೆ ಬರೆದ ನಾಲ್ಕು ಪತ್ರಗಳು, ಅವುಗಳಲ್ಲಿ ಮೂರು ಹರಿದು ಮತ್ತೆ ಜೋಡಿಸಿದ ಸ್ಥಿತಿಯಲ್ಲಿ, 1913ರಲ್ಲಿ ಬೆಳಕಿಗೆ ಬಂದವು. ಐವತ್ತಾರು ವರ್ಷ ತಂದೆಯೂ ಮಗನೂ ತಮ್ಮದಲ್ಲದ ಹೊರೆ ಹೊತ್ತರು.

ಕೋವನ್ ಬ್ರಿಜ್ ಶಾಲೆಯ ಪ್ರಸಂಗದಲ್ಲಿ ಮಾತ್ರ ನನ್ನ ಮನಸ್ಸು ಗ್ಯಾಸ್ಕೆಲ್ ಅವರ ಕಡೆಗೇ ವಾಲುತ್ತದೆ. ಬಡ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ 1824ರಲ್ಲಿ ತೆರೆದ ಶಾಲೆ ಅದು, ಲೋವುಡ್ಡಿನ ಮೂಲ. ಹಿರಿಯ ಹುಡುಗಿಯರಾದ ಮರಿಯಾ ಮತ್ತು ಎಲಿಜಬೆತ್ ಅಲ್ಲಿಂದ ಕ್ಷಯ ಹಿಡಿದು ಮರಳಿ, 1825ರ ಮೇ ಮತ್ತು ಜೂನಿನಲ್ಲಿ ತೀರಿಕೊಂಡರು. ಹನ್ನೊಂದು ವರ್ಷ, ಹತ್ತು ವರ್ಷ. ಎಲಿಜಬೆತ್ ಮನೆಗೆ ಬಂದ ಸ್ಥಿತಿ ಕಂಡೊಡನೆ ತಂದೆ ಓಡಿಹೋಗಿ ಉಳಿದ ಇಬ್ಬರನ್ನು ಕರೆತಂದರು. ಮೂವತ್ತು ವರ್ಷಕ್ಕಿಂತ ಹೆಚ್ಚು ಶಾಲೆಯಲ್ಲಿದ್ದವನಿಗೆ ಈ ಪುಟವನ್ನು ಸಮಾಧಾನದಿಂದ ಓದಲಾಗುವುದಿಲ್ಲ. ಆದರೂ ಒಂದು ಮಾತು: ಲೋವುಡ್ಡನ್ನು ಹೇಗೆ ಬೇಕಾದರೂ ಚಿತ್ರಿಸುವ ಹಕ್ಕು ಕಾದಂಬರಿಗಾರ್ತಿಗೆ ಉಂಟು. ಓದುಗರು ಇಷ್ಟು ಬೇಗ ಆ ಶಾಲೆಯ ಗುರುತು ಹಿಡಿಯುತ್ತಾರೆಂದು ತಿಳಿದಿದ್ದರೆ ಹಾಗೆ ಬರೆಯುತ್ತಿರಲಿಲ್ಲ ಎಂದು ಷಾರ್ಲೆಟ್ ತಮ್ಮೊಡನೆ ಹೇಳಿದ್ದನ್ನು ಗ್ಯಾಸ್ಕೆಲ್ ಅವರೇ ದಾಖಲಿಸಿದ್ದಾರೆ. ದಾಖಲಿಸಿದ ಮೇಲೂ ಶಾಲೆಯ ಸ್ಥಾಪಕ ಕ್ಯಾರಸ್ ವಿಲ್ಸನ್‌ನನ್ನು ಬೀದಿಗೆಳೆದರು.

“ಗ್ಯಾಸ್ಕೆಲ್ ಅವರ ಪುಸ್ತಕ ಶ್ರೇಷ್ಠ ಸಾಹಿತ್ಯ, ಹತ್ತು ತಪ್ಪಿದ್ದರೆ ಏನಾಯಿತು” ಎನ್ನುವವರನ್ನು ನಾನು ಬಲ್ಲೆ. ಶ್ರೇಷ್ಠವೆಂಬುದನ್ನು ಒಪ್ಪುತ್ತೇನೆ. ಎರಡು ಸಲ ಓದಿದ್ದೇನೆ, ಎರಡು ಸಲವೂ ಕೊನೆಯ ಅಧ್ಯಾಯದಲ್ಲಿ ಕಣ್ಣು ತೇವವಾಗಿದೆ. ಅಪಾಯ ಇರುವುದೇ ಅಲ್ಲಿ. ಕೆಟ್ಟದಾಗಿ ಬರೆದ ಸುಳ್ಳು ತಾನೇ ಸಾಯುತ್ತದೆ. ಚೆನ್ನಾಗಿ ಬರೆದದ್ದು ಮುನ್ನುಡಿಗೆ ಹೋಗಿ, ಮುನ್ನುಡಿಯಿಂದ ನೋಟ್ಸಿಗೆ ಹೋಗಿ, ನೋಟ್ಸಿನಿಂದ ನನ್ನಂಥವನ ಬಾಯಿಗೆ ಬಂದು, ಶನಿವಾರದ ಪೀರಿಯಡ್ಡಿನಲ್ಲಿ ನಿಮ್ಮ ಕಿವಿ ಸೇರುತ್ತದೆ.

ಆಮೇಲಿನವರ ಪಾಡೇನು? 1965ರಲ್ಲಿ ಲಾಕ್ ಮತ್ತು ಡಿಕ್ಸನ್ ಎಂಬಿಬ್ಬರು ಪ್ಯಾಟ್ರಿಕ್ ಅವರದೇ ದೊಡ್ಡ ಜೀವನಚರಿತ್ರೆ ಬರೆದು ದಾಖಲೆಗಳನ್ನು ಮುಂದಿಟ್ಟರು. ಆದರೆ ಜನಕ್ಕೆ ಪಿಸ್ತೂಲೇ ಬೇಕು. 1936ರಲ್ಲಿ ವರ್ಜೀನಿಯಾ ಮೂರ್ ಎಂಬಾಕೆ ಎಮಿಲಿಯ ಚರಿತ್ರೆ ಬರೆದರು. ಹಸ್ತಪ್ರತಿಯೊಂದರಲ್ಲಿ ‘ಲವ್ಸ್ ಫೇರ್‌ವೆಲ್’ ಎಂದಿದ್ದ ಶೀರ್ಷಿಕೆಯನ್ನು ‘ಲೂಯಿ ಪಾರೆನ್‌ಸೆಲ್’ ಎಂದು ತಪ್ಪಾಗಿ ಓದಿ, ಆ ಹೆಸರಿನವನೊಬ್ಬ ಎಮಿಲಿಯ ಪ್ರಿಯಕರನಾಗಿದ್ದಿರಬಹುದೆಂಬ ಊಹೆಗೆ ದಾರಿ ಮಾಡಿಕೊಟ್ಟರು! ಅಕ್ಷರ ಗೊತ್ತಾಗದಿದ್ದರೆ ಬಿಟ್ಟುಬಿಡು ಎಂದು ನಾನು ಎಂಟನೇ ತರಗತಿಯವರಿಗೂ ಹೇಳುತ್ತಿದ್ದೆ. 2022ರಲ್ಲಿ ಬಂದ ‘ಎಮಿಲಿ’ ಚಲನಚಿತ್ರವೂ ಆಕೆಗೊಬ್ಬ ಪ್ರಿಯಕರನನ್ನು ಕೊಟ್ಟಿದೆ. ಈ ಸಲ ಅಪ್ಪನ ಕೈಕೆಳಗಿದ್ದ ಕಿರಿಯ ಪಾದ್ರಿ.

ವಿಮರ್ಶೆಯ ಪುಸ್ತಕಗಳ ಬಗ್ಗೆ ನನಗೆ ಇಂಥ ಸಿಟ್ಟಿಲ್ಲ. ಗಿಲ್ಬರ್ಟ್ ಮತ್ತು ಗುಬಾರ್ 1979ರಲ್ಲಿ ಮಹಡಿಯ ಹುಚ್ಚಿಯನ್ನು ಜೇನ್‌ಳದೇ ಅದುಮಿಟ್ಟ ಕೋಪವೆಂದು ಓದಿದರು. ಒಪ್ಪಬಹುದು, ಬಿಡಬಹುದು, ಅವರು ಕಾದಂಬರಿಯ ಪುಟ ಬಿಟ್ಟು ಯಾರ ಹಿತ್ತಿಲಿಗೂ ಇಣುಕಿಲ್ಲ. ಗಾಯತ್ರಿ ಚಕ್ರವರ್ತಿ ಸ್ಪಿವಾಕ್ 1985ರ ಪ್ರಬಂಧದಲ್ಲಿ, ಜಮೈಕಾದಿಂದ ಬಂದ ಆ ಹೆಂಗಸು ಸುಟ್ಟುಹೋದ ಮೇಲಷ್ಟೇ ಜೇನ್‌ಳ ಸಂಸಾರ ನೆಲೆಗೊಳ್ಳುವುದನ್ನೂ ಸಾಮ್ರಾಜ್ಯದ ನೆರಳನ್ನೂ ತೋರಿಸಿದರು. ಅದನ್ನು ಓದಿ ನಾನು ಕಾದಂಬರಿಯ ಕೊನೆಯ ಪುಟ ತೆರೆದೆ. ಅದು ಮುಗಿಯುವುದು ನಮ್ಮ ದೇಶದಲ್ಲಿ! ಮತಪ್ರಚಾರಕ್ಕೆ ಬಂದ ಸೇಂಟ್ ಜಾನ್ ಇಲ್ಲಿ ಸಾಯುವುದನ್ನು ಎದುರುನೋಡುತ್ತಿದ್ದಾನೆ. ಅದಕ್ಕೆ ಮೊದಲು ಅವನು ಜೇನ್‌ಳಿಗೆ ಜರ್ಮನ್ ಬಿಡಿಸಿ ಹಿಂದೂಸ್ತಾನಿ ಕಲಿಸುತ್ತಾನೆ. ಅಷ್ಟು ವರ್ಷ ಕಥೆ ಹೇಳಿದ ನಾನು ಈ ಭಾಗವನ್ನು ಬೇಸರವೆಂದು ಹಾರಿಸುತ್ತಿದ್ದೆ. ಒಳ್ಳೆಯ ವಿಮರ್ಶೆ ನಮ್ಮನ್ನು ಪುಸ್ತಕಕ್ಕೆ ವಾಪಸು ಕಳಿಸುತ್ತದೆ. ಕೆಟ್ಟ ಚರಿತ್ರೆ ಪಕ್ಕದ ಮನೆಯ ಕಿಟಕಿಗೆ ಕರೆದೊಯ್ಯುತ್ತದೆ.

ಪ್ಯಾಟ್ರಿಕ್ ದೇವರಲ್ಲ. ತಮ್ಮ ಕೈಕೆಳಗಿನ ಪಾದ್ರಿ ನಿಕಲ್ಸ್ 1852ರ ಡಿಸೆಂಬರಿನಲ್ಲಿ ಷಾರ್ಲೆಟ್‌ಳನ್ನು ಮದುವೆಯಾಗಲು ಕೇಳಿದಾಗ ಕೆರಳಿ, ಆ ಬಡಪಾಯಿಯನ್ನು ಕ್ರೂರವಾಗಿ ನಡೆಸಿಕೊಂಡರು. 1854ರಲ್ಲಿ ಮದುವೆ ನಡೆದಾಗ ಮಗಳನ್ನು ಧಾರೆಯೆರೆದು ಕೊಡಲು ಚರ್ಚಿಗೆ ಬರಲಿಲ್ಲ; ಆಕೆಯ ಹಳೆಯ ಉಪಾಧ್ಯಾಯಿನಿಯೊಬ್ಬರು ಆ ಕೆಲಸ ಮಾಡಿದರು. ಇದಕ್ಕೆ ದಾಖಲೆ ಇದೆ, ಇದನ್ನು ಬರೆಯಲಿ. ಊರಿನ ಕೊಳಕು ನೀರಿನ ವಿರುದ್ಧ ಅವರು ಅರ್ಜಿ ಹಾಕಿ ಹಾಕಿ ಸರ್ಕಾರದ ತನಿಖೆ ತರಿಸಿದ್ದನ್ನೂ ಬರೆಯಲಿ. 1850ರ ಆ ವರದಿಯ ಪ್ರಕಾರ ಹಾವರ್ತಿನಲ್ಲಿ ಸಾಯುವವರ ಸರಾಸರಿ ವಯಸ್ಸು 25.8. ನೂರಕ್ಕೆ 41 ಮಕ್ಕಳು ಆರು ತುಂಬುವ ಮೊದಲೇ ಮಣ್ಣಾಗುತ್ತಿದ್ದರು. ಆ ಮಣ್ಣಿನ ಕೆಲಸ ಮಾಡಿಸಬೇಕಾದವರು ಈ ಪಾದ್ರಿಯೇ.

ಗ್ಯಾಸ್ಕೆಲ್ ಅವರ ಪುಸ್ತಕ ಕೈಸೇರಿದಾಗ ಪ್ಯಾಟ್ರಿಕ್ ಮಗಳ ಚಿತ್ರ ಚೆನ್ನಾಗಿ ಬಂದಿದೆಯೆಂದು ಧನ್ಯವಾದ ಬರೆದರು. ತಮ್ಮ ಬಗೆಗಿನ ತಪ್ಪುಗಳನ್ನು ತಿದ್ದಿರೆಂದು ಆಮೇಲೆ ಕೇಳಿದ ಪತ್ರದಲ್ಲೂ ಹಗೆಯಿಲ್ಲ. ತಾನು ಎಲ್ಲರಂತೆ ಶಾಂತ, ಸರಳರೇಖೆಯ ಮನುಷ್ಯನಾಗಿದ್ದರೆ ಇಂಥ ಮಕ್ಕಳು ತನಗೆ ಹುಟ್ಟುತ್ತಿರಲಿಲ್ಲವೇನೋ ಎಂಬ ಅರ್ಥದ ಮಾತು ಅದರಲ್ಲಿದೆ. ಮೂರನೆಯ ಆವೃತ್ತಿಯಲ್ಲಿ ಬೂಟು, ಗೌನಿನ ಕಥೆಗಳು ಹೋದವು. ಲೋಕದ ಬಾಯಿಂದ ಹೋಗಲಿಲ್ಲ. ಹೆಂಡತಿಯೂ ಆರು ಮಕ್ಕಳೂ ಹೋದ ಮೇಲೆ ಅವರು 1861ರ ಜೂನ್ ತನಕ ಬದುಕಿದರು. ಮಗಳ ಕೈಬರಹ ಬೇಕೆಂದು ದೂರದ ಅಪರಿಚಿತರು ಬರೆಯುತ್ತಿದ್ದರು. ಕೊಡಲು ಬೇರೇನೂ ಇಲ್ಲದೆ ಷಾರ್ಲೆಟ್‌ಳ ಪತ್ರಗಳನ್ನೇ ಕತ್ತರಿಯಿಂದ ಸಾಲು ಸಾಲಾಗಿ ಕತ್ತರಿಸಿ ಹಂಚಿದರು. ಚರಿತ್ರಕಾರರಿಗೆ ಇದು ಅಪರಾಧವೇ ಸರಿ. ನನಗೆ ಅದನ್ನು ಓದಿದ ದಿನ ಊಟ ಸೇರಲಿಲ್ಲ.

1996ರ ಹತ್ತನೇ ‘ಬಿ’ ವಿಭಾಗದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಕಿಟಕಿಯ ಪಕ್ಕ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ, ಕೆರೆಯಾಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೆಂದು ತಿಳಿಸಿ. ಪುಸ್ತಕಗಳನ್ನು ತಂದುಕೊಡುತ್ತಿದ್ದವರು ಅವರ ಅಪ್ಪನೇ ಎಂದು ಅವಳಿಗೆ ಹೇಳಬೇಕಾಗಿದೆ. ‘ಕೂತ್ಕೋ’ ಎಂದದ್ದನ್ನು ಹಿಂತೆಗೆದುಕೊಳ್ಳುವುದೂ ಬಾಕಿ ಇದೆ.